ಬೈಕ್, ಕುರಿ ಕಂಡರೆ ನಾಯಿ ಎಗರುತ್ತಾ? ಹೊಡೀಬೇಡಿ, ದೂರ ಹೆಚ್ಚಿಸಿ

ಮನೆಯಲ್ಲಿ ಮಕ್ಕಳ ಜೊತೆ ಮೆತ್ತಗಿರುವ ನಾಯಿ, ಹಗ್ಗ ಹಿಡಿದು ಹೊಲದ ಕಡೆ ಹೊರಟರೆ ಸಾಕು, ಬೇರೆಯದೇ ಆಗಿಬಿಡುತ್ತೆ. ಬೈಕ್ ಕಂಡರೆ ಬೊಗಳುತ್ತೆ, ಬೇರೆ ನಾಯಿ ಕಂಡರೆ ಹಗ್ಗ ಕಿತ್ತುಕೊಳ್ಳೋ ಹಾಗೆ ಎಗರುತ್ತೆ. ಒಂದು ದಿನ ಕೈತಪ್ಪಿ ಕುರಿಮಂದೆಗೆ ನುಗ್ಗಿದರೆ ಅಥವಾ ಬೈಕ್ ಸವಾರನನ್ನು ಬೀಳಿಸಿದರೆ ಊರಲ್ಲಿ ಜಗಳ ತಪ್ಪಿದ್ದಲ್ಲ.

ಯಾಕೆ ಹೀಗೆ?

ಇದು ಸೊಕ್ಕಲ್ಲ. ಹೆಚ್ಚಿನ ಸಲ ಭಯ, ಕೆಲವು ಸಲ ಅತಿ ಉತ್ಸಾಹ. ಬಿಟ್ಟ ನಾಯಿ ಹೆದರಿದರೆ ಓಡಿಹೋಗಬಹುದು. ಹಗ್ಗದಲ್ಲಿದ್ದರೆ ಆ ದಾರಿ ಇಲ್ಲ, ಅದಕ್ಕೇ ಬೊಗಳಿ ಓಡಿಸಲು ನೋಡುತ್ತೆ. ಬೈಕ್ ಹೇಗೂ ಮುಂದೆ ಹೋಗುತ್ತೆ. ‘ನಾನು ಬೊಗಳಿದ್ದಕ್ಕೇ ಹೋಯ್ತು’ ಅಂತ ನಾಯಿ ಕಲಿಯುತ್ತೆ. ಮುಧೋಳದಂಥ ಬೇಟೆ ತಳಿಗಳಿಗಂತೂ ಓಡುವುದನ್ನು ಕಂಡರೆ ಬೆನ್ನಟ್ಟುವುದು ಹುಟ್ಟುಗುಣ.

ಬೈಕ್ ಬಂದಾಗಲೆಲ್ಲ ಏಟು ಬಿದ್ದರೆ ‘ಬೈಕ್ ಅಂದ್ರೆ ನೋವು’ ಅಂತ ಭಯ ಇನ್ನೂ ಹೆಚ್ಚುತ್ತೆ. ಬೊಗಳುವುದು ನಿಂತರೂ ಸುಳಿವು ಕೊಡದೆ ಕಚ್ಚಬಹುದು.

ಕಲಿಸುವುದು ಹೇಗೆ?

1. ನಾಯಿ ಬೈಕ್ ನೋಡಬೇಕು, ಆದರೆ ಬೊಗಳಬಾರದು. ಅಷ್ಟು ದೂರ ನಿಲ್ಲಿ. 50 ಹೆಜ್ಜೆ ಆದರೂ ಸರಿ. ರಸ್ತೆ ಕಾಣುವ ಹೊಲದ ಬದು ಒಳ್ಳೆಯ ಜಾಗ.

2. ಬೈಕ್ ಕಂಡ ತಕ್ಷಣ ಬೇಯಿಸಿದ ಮೊಟ್ಟೆ ಅಥವಾ ಕೋಳಿಯ ಸಣ್ಣ ಚೂರು ಕೊಡಿ. ಮೊದಲು ಬೈಕ್, ಆಮೇಲೆ ತಿಂಡಿ. ಬೈಕ್ ಹೋದ ಮೇಲೆ ತಿಂಡಿಯೂ ನಿಲ್ಲಲಿ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಮಾತ್ರ ಬೇಡ, ನಾಯಿಗೆ ವಿಷ.

3. ಬೈಕ್ ಕಂಡ ಕೂಡಲೇ ನಾಯಿ ನಿಮ್ಮ ಮುಖ ನೋಡಲು ಶುರುಮಾಡಿದರೆ ಪಾಠ ಹತ್ತಿದೆ ಅಂತ ಅರ್ಥ. ಆಗ ನಾಲ್ಕು ಹೆಜ್ಜೆ ಹತ್ತಿರ ಹೋಗಿ. ಬೊಗಳಿದರೆ ಮತ್ತೆ ಹಿಂದಕ್ಕೆ ಬನ್ನಿ.

4. ದಿನಕ್ಕೆ 10 ನಿಮಿಷ ಸಾಕು. ಫಲ ಕಾಣಲು ವಾರಗಳೇ ಬೇಕಾಗಬಹುದು, ಬಿಡಬೇಡಿ.

ಮಂದೆ ದಿಢೀರ್ ಎದುರಾದರೆ ಕೂಗಾಡಬೇಡಿ. ಸುಮ್ಮನೆ ತಿರುಗಿ ಬಂದ ದಾರಿಯಲ್ಲೇ ನಡೆಯಿರಿ, ಅಥವಾ ಬೇಲಿ, ಬಣವೆಯ ಮರೆಗೆ ಹೋಗಿ. ಕೊರಳ ಪಟ್ಟಿಗಿಂತ ಎದೆಗೆ ಹಾಕುವ ಬೆಲ್ಟ್ ಮೇಲು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಜಗ್ಗಿದರೆ ಬೆರಳಿಗೆ ಪೆಟ್ಟಾಗುತ್ತೆ.

ಸಾಧುವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಬದಲಾದರೆ ಕಿವಿಯಲ್ಲಿ ಹುಣ್ಣೋ, ಕಾಲು ನೋವೋ ಇರಬಹುದು. ಮೊಬೈಲ್‌ನಲ್ಲಿ ವಿಡಿಯೊ ಮಾಡಿ ಪಶುವೈದ್ಯರಿಗೆ ತೋರಿಸಿ. ಸುಮ್ಮಸುಮ್ಮನೆ ಕಚ್ಚಲು ಬರುವುದು, ಜೊಲ್ಲು ಸುರಿಸುವುದು, ತೂರಾಡುವುದು ಕಂಡರೆ ಹತ್ತಿರ ಹೋಗಲೇಬೇಡಿ. ರೇಬೀಸ್ ಇರಬಹುದು, ಕೂಡಲೇ ಪಶುವೈದ್ಯರಿಗೆ ತಿಳಿಸಿ.

ನಾಯಿಗೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸಿ. ಯಾವ ನಾಯಿಯೇ ಯಾರಿಗೇ ಕಚ್ಚಿದರೂ ಗಾಯವನ್ನು ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ. ಅರಿಶಿನ, ಖಾರದ ಪುಡಿ, ಸುಣ್ಣ ಹಚ್ಚಬೇಡಿ. ರೇಬೀಸ್ ಲಕ್ಷಣ ಕಂಡ ಮೇಲೆ ಜೀವ ಉಳಿಯುವುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ.