ಕ್ಯಾನ್ಸರ್ ಅಲ್ಲ, ಸರಿ. ಹಾಗಾದರೆ ಯಾವ ಗಂಟು?

ಸ್ತನದಲ್ಲಿ ಗಂಟು ಕೈಗೆ ಸಿಕ್ಕಿ ಪರೀಕ್ಷೆಗೆ ಹೋದಾಗ ಮನೆಮಂದಿಯೆಲ್ಲ ಕಾಯುವುದು ಒಂದೇ ಮಾತಿಗೆ. ‘ಕ್ಯಾನ್ಸರ್ ಅಲ್ಲ’ ಎಂದು ಡಾಕ್ಟರು ಹೇಳಿದರೆ ಸಾಕು, ಹರಕೆ ತೀರಿಸಿ, ವರದಿಯನ್ನು ಬೀರುವಿನೊಳಗೆ ಹಾಕಿದರೆ ಆ ಕತೆ ಅಲ್ಲಿಗೆ ಮುಗಿಯಿತು. ಈ ನೆಮ್ಮದಿಗೆ ಆಧಾರವಿಲ್ಲದಿಲ್ಲ. ಸ್ತನದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಆ ಮಾತು ಇವತ್ತಿನ ಗಂಟಿನ ಬಗ್ಗೆ ಮಾತ್ರ ಹೇಳುತ್ತದೆ. ಮುಂದಿನ ಹತ್ತಿಪ್ಪತ್ತು ವರ್ಷಗಳ ಬಗ್ಗೆ ಏನಾದರೂ ಸುಳಿವು ಇದ್ದರೆ ಅದು ಇರುವುದು ವರದಿಯ ಕೆಳಭಾಗದಲ್ಲಿ, ಗಂಟು ಯಾವ ಬಗೆಯದು ಎಂದು ಬರೆದ ಒಂದೆರಡು ಸಾಲಿನಲ್ಲಿ. ನಮ್ಮಲ್ಲಿ ಯಾರೂ ಓದದ ಸಾಲು ಅದೇ.

ಅಮೆರಿಕದ ಮಿನೆಸೋಟಾ ರಾಜ್ಯದ ಮೇಯೊ ಕ್ಲಿನಿಕ್‌ನಲ್ಲಿ 1967ರಿಂದ 1991ರವರೆಗೆ ಬಯಾಪ್ಸಿ ಮಾಡಿಸಿಕೊಂಡು, ಕ್ಯಾನ್ಸರ್ ಅಲ್ಲ ಎನಿಸಿಕೊಂಡ 9,087 ಹೆಂಗಸರನ್ನು ಸಂಶೋಧಕರು ಸುಮಾರು ಹದಿನೈದು ವರ್ಷಗಳ ಕಾಲ ಗಮನಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅವರಲ್ಲಿ 707 ಮಂದಿಗೆ ಮುಂದೆ ಸ್ತನ ಕ್ಯಾನ್ಸರ್ ಬಂತು. ಸಾಮಾನ್ಯ ಹೆಂಗಸರಲ್ಲಿ ನಿರೀಕ್ಷಿಸಬಹುದಾದದ್ದಕ್ಕಿಂತ ಇದು ಸುಮಾರು ಒಂದೂವರೆ ಪಟ್ಟು. ಇಷ್ಟೇ ಕೇಳಿದರೆ ಗಂಟಿದ್ದವರೆಲ್ಲ ಹೆದರಬೇಕು. ಅದೇ ಲೆಕ್ಕವನ್ನು ಬಿಡಿಸಿ ನೋಡಿದರೆ ಚಿತ್ರ ಬೇರೆ. ಮೂರರಲ್ಲಿ ಎರಡು ಪಾಲು ಹೆಂಗಸರದು ಜೀವಕೋಶಗಳು ವಿಶೇಷವಾಗಿ ಬೆಳೆಯದ ಬಗೆ, ಅಂದರೆ ನೀರುಗುಳ್ಳೆ, ನಾರುಕಟ್ಟುವಿಕೆಯಂಥವು. ಇವರಲ್ಲಿ ಮನೆತನದಲ್ಲಿ ಯಾರಿಗೂ ಸ್ತನ ಕ್ಯಾನ್ಸರ್ ಇಲ್ಲದವರಿಗೆ ಅಪಾಯ ಹೆಚ್ಚಿರಲೇ ಇಲ್ಲ. ಇನ್ನು ನೂರಕ್ಕೆ ಮೂವತ್ತು ಮಂದಿಯಲ್ಲಿ ಹಾಲಿನ ನಾಳದ ಒಳಪದರದ ಕೋಶಗಳು ಸಂಖ್ಯೆಯಲ್ಲಿ ಹೆಚ್ಚಿದ್ದವು, ರೂಪ ಮಾತ್ರ ಕೆಟ್ಟಿರಲಿಲ್ಲ; ಅವರ ಅಪಾಯ ಎರಡು ಪಟ್ಟಿನ ಹತ್ತಿರ. ಉಳಿದದ್ದು ನೂರಕ್ಕೆ ನಾಲ್ವರು. ಅವರ ಕೋಶಗಳು ಹೆಚ್ಚಿದ್ದಲ್ಲದೆ ರೂಪವನ್ನೂ ಬದಲಿಸಿದ್ದವು. ವರದಿಯಲ್ಲಿ ಇದಕ್ಕೆ ಏಟಿಪಿಕಲ್ ಹೈಪರ್‌ಪ್ಲೇಸಿಯಾ ಎನ್ನುತ್ತಾರೆ. ಇವರ ಅಪಾಯ ನಾಲ್ಕು ಪಟ್ಟಿಗೂ ಮೀರಿತ್ತು. ಅದಕ್ಕೂ ಇಪ್ಪತ್ತು ವರ್ಷ ಮುಂಚೆ, 1985ರಲ್ಲಿ, ನ್ಯಾಶ್‌ವಿಲ್‌ನ ಡುಪಾಂಟ್ ಮತ್ತು ಪೇಜ್ ಸಾವಿರಾರು ಹಳೆಯ ಬಯಾಪ್ಸಿಗಳನ್ನು ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟು ಬಹುಪಾಲು ಇದೇ ಮಾತನ್ನು ಹೇಳಿದ್ದರು. ಎರಡು ಊರು, ಎರಡು ತಂಡ, ಒಂದೇ ಏಣಿ. ಇಷ್ಟು ಗಟ್ಟಿಯಾದ ವಿಷಯ ‘ಬೆನೈನ್’ (ಕ್ಯಾನ್ಸರ್ ಅಲ್ಲದ್ದು) ಎಂಬ ಒಂದೇ ಪದದಡಿ ಹೂತುಹೋಗುವುದು ನನ್ನ ಮಟ್ಟಿಗೆ ಒಪ್ಪತಕ್ಕದ್ದಲ್ಲ.

ಸುಮ್ಮನೆ ಇರುವವರನ್ನು ಯಾಕೆ ಹೆದರಿಸಬೇಕು ಎಂದು ಕೇಳುವವರಿದ್ದಾರೆ. ನಿಜ ಹೇಳಬೇಕೆಂದರೆ ಈ ಲೆಕ್ಕ ಹೆದರಿಸುವುದಕ್ಕಿಂತ ಸಮಾಧಾನ ಹೇಳುವುದೇ ಹೆಚ್ಚು. ಹದಿಹರೆಯದಿಂದ ಮೂವತ್ತರೊಳಗಿನ ಹುಡುಗಿಯರಲ್ಲಿ ಕಾಣುವ, ಕೈಯಿಟ್ಟರೆ ಜಾರುವ ಸಾಮಾನ್ಯ ಫೈಬ್ರೊಅಡಿನೋಮಾ ಗಂಟಿಗಾಗಿ ಮದುವೆಯ ಮಾತುಕತೆಯನ್ನೇ ನಿಲ್ಲಿಸುವವರಿಗೆ ಇದನ್ನು ಮೊದಲು ತಿಳಿಸಬೇಕು. ಅಪಾಯ ನಿಜವಾಗಿ ಏರುವ ನಾಲ್ವರ ವಿಷಯದಲ್ಲೂ ‘ನಾಲ್ಕು ಪಟ್ಟು’ ಎಂಬುದನ್ನು ತೀರ್ಪಿನಂತೆ ಓದಬಾರದು. ಅಂಥ ಕೋಶಬದಲಾವಣೆ ಇದ್ದ ನೂರು ಹೆಂಗಸರಲ್ಲಿ ಇಪ್ಪತ್ತೈದು ವರ್ಷಗಳಲ್ಲಿ ಕ್ಯಾನ್ಸರ್ ಬಂದದ್ದು ಸುಮಾರು ಮೂವತ್ತು ಮಂದಿಗೆ. ಉಳಿದ ಎಪ್ಪತ್ತು ಮಂದಿಗೆ ಬರಲಿಲ್ಲ.

ಹಾಗಾದರೆ ಗಂಟನ್ನು ಕಿತ್ತು ಹಾಕಿದರೆ ಮುಗಿಯಿತಲ್ಲ ಎಂಬ ಮಾತಿಗೂ ಉತ್ತರ ಬೇಕು. ಮುಗಿಯುವುದಿಲ್ಲ. ಮುಂದೆ ಬರುವ ಕ್ಯಾನ್ಸರ್ ಗಂಟಿದ್ದ ಜಾಗದಲ್ಲೇ ಬರಬೇಕೆಂದಿಲ್ಲ. ಇನ್ನೊಂದು ಸ್ತನದಲ್ಲೂ ಬರುತ್ತದೆ. ಕೋಶಬದಲಾವಣೆ ಕಂಡಾಗ ಸುತ್ತಲಿನ ಭಾಗವನ್ನು ತೆಗೆದು ನೋಡಲು ಹೇಳುವುದುಂಟು, ಆದರೆ ಅದು ಪಕ್ಕದಲ್ಲಿ ಕ್ಯಾನ್ಸರ್ ಅಡಗಿಲ್ಲವೆಂದು ಖಚಿತಪಡಿಸಿಕೊಳ್ಳಲು. ಮಾಡಬಹುದಾದದ್ದು ಬೇರೆ ಇದೆ: ವರ್ಷಕ್ಕೊಮ್ಮೆ ತಜ್ಞರ ಕೈಯಿಂದ ಪರೀಕ್ಷೆ, ವಯಸ್ಸಿಗೆ ತಕ್ಕಂತೆ ಮ್ಯಾಮೊಗ್ರಾಮ್, ಕೆಲವರಿಗೆ ಟ್ಯಾಮಾಕ್ಸಿಫೆನ್ ಮಾತ್ರೆ. 1998ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 13,388 ಹೆಂಗಸರಿದ್ದರು. ಆ ಮಾತ್ರೆ ನುಂಗಿದವರಲ್ಲಿ ಸ್ತನ ಕ್ಯಾನ್ಸರ್ ಒಟ್ಟಾರೆ ಅರ್ಧದಷ್ಟು ಇಳಿದರೆ, ಕೋಶಬದಲಾವಣೆ ಇದ್ದವರಲ್ಲಿ ಇಳಿದದ್ದು ನೂರಕ್ಕೆ 86ರಷ್ಟು. ರಕ್ತ ಹೆಪ್ಪುಗಟ್ಟುವುದು, ಗರ್ಭಕೋಶದ ಒಳಪದರದ ಕ್ಯಾನ್ಸರ್ ಮುಂತಾದ ಅಡ್ಡಪರಿಣಾಮಗಳು ಇರುವುದರಿಂದ ಇದು ಅಂಗಡಿಯಿಂದ ತಂದು ನುಂಗುವ ಮಾತ್ರೆಯಂತೂ ಅಲ್ಲ. ಆದರೆ ಯಾರಿಗೆ ಹೆಚ್ಚು ಲಾಭವೋ ಅವರಿಗೆ ತಮ್ಮ ಗಂಟಿನ ಹೆಸರೇ ಗೊತ್ತಿಲ್ಲದಿದ್ದರೆ ಈ ಆಯ್ಕೆ ಇದೆ ಎಂಬುದೂ ಗೊತ್ತಾಗುವುದಿಲ್ಲ.

ಇವೆಲ್ಲ ಬಿಳಿಯರ ದೇಶದ ಅಂಕಿಗಳು, ನಮಗೇಕೆ ಎಂಬುದು ಇದ್ದುದರಲ್ಲಿ ಬಲವಾದ ಆಕ್ಷೇಪ. ಭಾರತದ ಹೆಂಗಸರಲ್ಲಿ ಸ್ತನ ಕ್ಯಾನ್ಸರಿನ ಪ್ರಮಾಣ ಅಮೆರಿಕದವರಿಗಿಂತ ಕಡಿಮೆ. ಆದ್ದರಿಂದ ನೂರಕ್ಕೆ ಮೂವತ್ತು ಎಂಬಂಥ ಲೆಕ್ಕವನ್ನು ಹಾಗೆಯೇ ಇಲ್ಲಿಗೆ ಎತ್ತಿ ತರುವುದು ಸರಿಯಲ್ಲ. ಆದರೆ ಏಣಿಯ ಮೆಟ್ಟಿಲುಗಳ ಕ್ರಮ ಬದಲಾಗಬೇಕಾದ ಕಾರಣ ಕಾಣದು. ಸೂಕ್ಷ್ಮದರ್ಶಕದಡಿಯ ಕೋಶಕ್ಕೆ ಪಾಸ್‌ಪೋರ್ಟ್ ಇರುವುದಿಲ್ಲ. ನಮ್ಮಲ್ಲಿನ ನಿಜವಾದ ತೊಡಕು ಬೇರೆ. ಎಷ್ಟೋ ಕಡೆ ಪರೀಕ್ಷೆ ಸಣ್ಣ ಸೂಜಿಯ ಎಫ್‌ಎನ್‌ಎಸಿಗೇ ನಿಲ್ಲುತ್ತದೆ. ಅದು ಬಿಡಿ ಕೋಶಗಳನ್ನಷ್ಟೇ ಹೀರುತ್ತದೆ. ಕೋಶಗಳು ನಾಳದೊಳಗೆ ಹೇಗೆ ಜೋಡಿಸಿಕೊಂಡಿವೆ ಎಂಬುದನ್ನು ತೋರಿಸದ ಕಾರಣ ಏಣಿಯ ಮೂರನೇ ಮೆಟ್ಟಿಲಾದ ಕೋಶಬದಲಾವಣೆಯನ್ನು ನಂಬಿಕೆಯಿಂದ ಗುರುತಿಸಲಾರದು. ಅದಕ್ಕೆ ಸಣ್ಣ ತುಂಡನ್ನೇ ತೆಗೆಯುವ ಕೋರ್ ಬಯಾಪ್ಸಿ ಬೇಕು. ಸ್ಕ್ಯಾನ್‌ನಲ್ಲಿ ಸಂಶಯ ಉಳಿದಿದ್ದರೆ ಅದನ್ನು ಕೇಳುವುದು ಅಧಿಕಪ್ರಸಂಗವಲ್ಲ.

ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1982ರಿಂದ ಕ್ಯಾನ್ಸರ್ ನೋಂದಣಿ ನಡೆಸುತ್ತ ಬಂದಿದೆ. ಕ್ಯಾನ್ಸರ್ ಅಲ್ಲದ ಗಂಟುಗಳು ಅಂಥ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಆ ಗಂಟಿನ ದಾಖಲೆ ಉಳಿಯುವುದು ನಿಮ್ಮ ಮನೆಯ ಬೀರುವಿನಲ್ಲೇ. ಹಳೆಯ ವರದಿ ಇದ್ದರೆ ಹೊರಗೆ ತೆಗೆಯಿರಿ, ಮೊಬೈಲಿನಲ್ಲಿ ಒಂದು ಫೋಟೊ ಇಟ್ಟುಕೊಳ್ಳಿ, ಮುಂದಿನ ಸಲ ಡಾಕ್ಟರ ಬಳಿ ಹೋದಾಗ ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿ: ಇದು ಯಾವ ಬಗೆಯದು?