ತೈಲವರ್ಣದಲ್ಲಿ ಏಕಾಕಿತನ: ಎಡ್ವರ್ಡ್ ಮುಂಕನ ಮೂರು ಚಿತ್ರಗಳು

ಕಾವ್ಯದಲ್ಲಿ ಶೋಕವನ್ನು ಶೋಕವೆಂಬ ಹೆಸರಿನಿಂದಲೇ ಹೇಳಿಬಿಡುವುದು ದೋಷವೆಂದು ನಮ್ಮ ಆಲಂಕಾರಿಕರು ಗಣಿಸಿದ್ದಾರೆ. ಸ್ವಶಬ್ದವಾಚ್ಯತ್ವವೆಂದು ಅದನ್ನು ಕರೆದಿದ್ದಾರೆ. ವಿಭಾವಾನುಭಾವಗಳ ಮೂಲಕ ವ್ಯಂಜಿತವಾದಾಗಲೇ ಭಾವವು ಸಹೃದಯನನ್ನು ಮುಟ್ಟುವುದು. ಈ ಮಾತು ಚಿತ್ರಕಲೆಗೂ ಸಲ್ಲುತ್ತದೆ. ಅಳುವ ಮುಖವೊಂದನ್ನು ಬರೆದ ಮಾತ್ರಕ್ಕೆ ಮನುಷ್ಯನ ಒಂಟಿತನವು ಪಟದಲ್ಲಿ ಮೂಡಲಾರದು. ಹಾಗಾದರೆ ಮಾನವಾಕೃತಿಯನ್ನು ಕೈಬಿಡದೆಯೇ ಕಲಾವಿದನು ತನ್ನ ಬಾಳಿನ ಸಂಕಟವನ್ನು ಪರರ ಅನುಭವಕ್ಕೆ ತರುವುದು ಹೇಗೆ? ನಾರ್ವೆ ದೇಶದ ಚಿತ್ರಕಾರ ಎಡ್ವರ್ಡ್ ಮುಂಕನ (1863-1944) ತೈಲಚಿತ್ರಗಳನ್ನು ಈ ಪ್ರಶ್ನೆಯೊಡನೆ ನೋಡುವುದು ಉಚಿತವಾಗಿದೆ.

ಮುಂಕನ ತಂದೆ ಸೈನ್ಯದಲ್ಲಿ ವೈದ್ಯನಾಗಿದ್ದವನು. ಆದರೆ ಕ್ಷಯರೋಗವನ್ನು ಮನೆಯಿಂದ ಹೊರಗಿಡುವುದು ಅವನಿಂದಾಗಲಿಲ್ಲ. 1868ರಲ್ಲಿ ತಾಯಿ ತೀರಿಕೊಂಡಾಗ ಬಾಲಕನಿಗೆ ಐದು ವರ್ಷ. 1877ರಲ್ಲಿ ಹದಿನೈದರ ಅಕ್ಕ ಸೋಫಿಯೂ ಅದೇ ರೋಗಕ್ಕೆ ತುತ್ತಾದಳು. ಈ ಎರಡನೆಯ ಮರಣವೇ ‘ರೋಗಿಷ್ಠ ಬಾಲೆ’ (1885-86) ಎಂಬ ಚಿತ್ರದ ಮೂಲ.

ದಿಂಬಿಗೆ ಒರಗಿ ಕುಳಿತ ಕೆಂಗೂದಲಿನ ಹುಡುಗಿ. ಪಕ್ಕದಲ್ಲಿ ತಲೆ ತಗ್ಗಿಸಿದ ಹೆಂಗಸು. ಹೆಂಗಸಿನ ಮುಖ ನಮಗೆ ಕಾಣುವುದಿಲ್ಲ. ಹುಡುಗಿಯ ನೋಟ ಅವಳನ್ನು ದಾಟಿ ಎತ್ತಲೋ ಹೋಗಿದೆ. ಇಬ್ಬರ ಕೈಗಳೂ ಕೂಡುವ ಜಾಗದಲ್ಲಿ ಬೆರಳುಗಳ ಆಕಾರವೇ ಸ್ಪಷ್ಟವಿಲ್ಲ. ಇಲ್ಲಿ ಕಣ್ಣೀರು ಎಲ್ಲಿಯೂ ಬರೆಯಲ್ಪಟ್ಟಿಲ್ಲ. ಕೈ ಕೈಯನ್ನು ಹಿಡಿದಿದ್ದರೂ ಸಾಯುವವಳು ಒಬ್ಬಳೇ ಎಂಬ ಅರಿವು ಆಕೃತಿಗಳ ನಿಲುವಿನಿಂದಲೇ ಹುಟ್ಟುತ್ತದೆ.

ಇದಕ್ಕೆ ಮಾಧ್ಯಮದ ಗುಣವೂ ಕಾರಣ. ಅಗಸೆಯಂಥ ಎಣ್ಣೆಯಲ್ಲಿ ಅರೆದ ಬಣ್ಣವು ಬೇಗ ಒಣಗುವುದಿಲ್ಲ. ಹಚ್ಚಿದ್ದನ್ನು ಕೆರೆದು ತೆಗೆಯಬಹುದು, ತೆಳುವಾಗಿಸಬಹುದು, ಮತ್ತೆ ಹಚ್ಚಬಹುದು. ಸಾಮಾನ್ಯ ಚಿತ್ರಕಾರನು ಈ ತಿದ್ದುಪಡಿಗಳ ಗುರುತನ್ನು ಮರೆಮಾಡುತ್ತಾನೆ. ಮುಂಕನಾದರೋ ತಿಂಗಳುಗಟ್ಟಲೆ ಹಚ್ಚಿ, ಕೆರೆದು, ಗೀರಿ, ಆ ಗಾಯಗಳನ್ನು ಪಟದ ಮೇಲೆಯೇ ಉಳಿಸಿದನು. ನೆನಪನ್ನು ಹಿಡಿಯಲು ಹೆಣಗಿದ ಕೈಯ ಚರಿತ್ರೆಯೇ ಚಿತ್ರದ ಮೈಯಾಯಿತು. 1886ರ ಪ್ರದರ್ಶನದಲ್ಲಿ ಪ್ರೇಕ್ಷಕರು ಇದನ್ನು ಅಪೂರ್ಣ ಕೃತಿಯೆಂದು ಹಳಿದರು. ಅವನು ಮಾತ್ರ ಸುಮಾರು ನಾಲ್ವತ್ತು ವರ್ಷಗಳ ಅವಧಿಯಲ್ಲಿ ಇದೇ ವಸ್ತುವನ್ನು ಒಟ್ಟು ಆರು ಸಲ ಬಣ್ಣದಲ್ಲಿ ಬರೆದನು.

ಮನೆಯೊಳಗಿನ ಒಂಟಿತನವು ಇಂಥದಾದರೆ ಬೀದಿಯ ಒಂಟಿತನವು ‘ಕಾರ್ಲ್ ಯೋಹಾನ್ ಬೀದಿಯ ಸಂಜೆ’ (1892) ಎಂಬ ತೈಲಚಿತ್ರದಲ್ಲಿದೆ. ಇದು ಈಗ ಓಸ್ಲೋ ಎಂದು ಕರೆಯಲ್ಪಡುವ ರಾಜಧಾನಿಯ ಮುಖ್ಯ ಬೀದಿ. ಎತ್ತರದ ಟೋಪಿಗಳ ಸಭ್ಯ ಜನರ ಗುಂಪೊಂದು, ಬಿಳಿಚಿದ ಮುಖಗಳೊಡನೆ, ನೇರವಾಗಿ ನೋಡುಗನತ್ತಲೇ ಬರುತ್ತಿದೆ. ಯಾರೂ ಯಾರೊಡನೆಯೂ ಮಾತಾಡುತ್ತಿಲ್ಲ. ಗುಂಪಿನಿಂದ ದೂರ, ಬೀದಿಯ ನಡುವೆ, ಕಪ್ಪು ಆಕೃತಿಯೊಂದು ಒಂಟಿಯಾಗಿ ವಿರುದ್ಧ ದಿಕ್ಕಿಗೆ ನಡೆದಿದೆ. ಅದರ ಮುಖವನ್ನು ಬರೆಯದೆ ಬಿಟ್ಟದ್ದರಿಂದಲೇ ನೋಡುಗನು ಅಲ್ಲಿ ತನ್ನ ಮುಖವನ್ನು ಇಡಬಲ್ಲನು. ಪರಸ್ಥಳದ ಮಹಾನಗರದಲ್ಲಿ ಸಂಜೆಯ ರೈಲಿಳಿದು ಗುಂಪಿನೊಡನೆ ಹೆಜ್ಜೆ ಹಾಕುವವನಿಗೆ ಈ ಚಿತ್ರಕ್ಕೆ ಬೇರೆ ವ್ಯಾಖ್ಯಾನ ಬೇಕಾಗದು.

ಇಲ್ಲಿ ಒಂದು ಪ್ರಚಲಿತ ಭ್ರಾಂತಿಯನ್ನು ಪರಿಶೀಲಿಸಬೇಕಾಗುತ್ತದೆ. ಕಲಾವಿದನ ಬೇನೆಯೇ ಅವನ ಪ್ರತಿಭೆ, ಬೇನೆ ವಾಸಿಯಾದರೆ ಪ್ರತಿಭೆಯೂ ಬತ್ತುವುದು ಎಂಬುದೇ ಆ ಭ್ರಾಂತಿ. ಮುಂಕನಿಗೂ ಈ ಭಯವಿತ್ತು. ತನ್ನ ವ್ಯಥೆಗಳನ್ನು ಕಳೆದುಕೊಂಡರೆ ತನ್ನ ಕಲೆಯೂ ಹಾಳಾದೀತೆಂದು ಅವನು ಬರೆದಿಟ್ಟಿದ್ದಾನೆ. ಅತಿಯಾದ ಮದ್ಯಪಾನ ಮತ್ತು ಭ್ರಮೆಗಳಿಂದ ಜರ್ಜರಿತನಾಗಿ 1908ರಲ್ಲಿ ಅವನು ಕೋಪನ್‌ಹೇಗನ್ನಿನ ಚಿಕಿತ್ಸಾಲಯವೊಂದನ್ನು ಸೇರಿದನು. ಸುಮಾರು ಎಂಟು ತಿಂಗಳ ಬಳಿಕ ಹೊರಬಂದವನ ಕುಂಚ ಬತ್ತಲಿಲ್ಲ. ಓಸ್ಲೋ ವಿಶ್ವವಿದ್ಯಾನಿಲಯದ ಸಭಾಂಗಣದಲ್ಲಿರುವ, ಸಮುದ್ರದ ಮೇಲೆ ಉದಯಿಸುವ ‘ಸೂರ್ಯ’ನ ಬೃಹತ್ ತೈಲಚಿತ್ರ ಆ ನಂತರದ್ದು. ಚಿಕಿತ್ಸೆಯ ತರುವಾಯ ಅವನು ಇನ್ನೂ ಮೂವತ್ತೈದು ವರ್ಷಗಳ ಕಾಲ ದುಡಿದನು.

ಆ ದುಡಿಮೆಯ ಕೊನೆಯ ಫಲಗಳಲ್ಲೊಂದು ‘ಗಡಿಯಾರ ಮತ್ತು ಹಾಸಿಗೆಯ ನಡುವೆ’ (1940-43) ಎಂಬ ಆತ್ಮಚಿತ್ರ. ಎಂಬತ್ತರ ಸಮೀಪದ ಮುದುಕನು ತೋಳುಗಳನ್ನು ಇಳಿಬಿಟ್ಟು ನೆಟ್ಟಗೆ ನಿಂತಿದ್ದಾನೆ. ಒಂದು ಪಕ್ಕದಲ್ಲಿ ಎತ್ತರದ ಗಡಿಯಾರ, ಅದಕ್ಕೆ ಮುಳ್ಳುಗಳಿಲ್ಲ. ಇನ್ನೊಂದು ಪಕ್ಕದಲ್ಲಿ ಪಟ್ಟೆ ಪಟ್ಟೆಯ ಹೊದಿಕೆಯ ಹಾಸಿಗೆ. ಬೆನ್ನ ಹಿಂದಿನ ಕೋಣೆಯಲ್ಲಿ ಬೆಳಕು, ಗೋಡೆಯ ಮೇಲೆ ಅವನ ಚಿತ್ರಗಳು. ಒಂಟಿತನ ಇಲ್ಲಿಯೂ ಇದೆ. ಆದರೆ ಅಂಜಿಕೆಯಿಲ್ಲ, ಮೊರೆಯಿಲ್ಲ. 1944ರ ಜನವರಿಯಲ್ಲಿ ಅವನು ಕಾಲವಶನಾದನು.

ಈ ಮೂರು ಚಿತ್ರಗಳಿಂದ ತಿಳಿದುಬರುವುದಿಷ್ಟು. ಸ್ವಂತ ದುಃಖವು ಕಲೆಗೆ ವಸ್ತುವನ್ನು ಒದಗಿಸಬಹುದು, ರೂಪವನ್ನು ಒದಗಿಸಲಾರದು. ಯಾವ ಮುಖವನ್ನು ತೋರಿಸಬೇಕು, ಯಾವುದನ್ನು ಮರೆಸಬೇಕು, ಎಲ್ಲಿ ಬಣ್ಣವನ್ನು ಕೆರೆದು ನಿಲ್ಲಿಸಬೇಕು ಎಂಬ ವಿವೇಕವು ಬೇನೆಯದಲ್ಲ, ಅಭ್ಯಾಸದ್ದು. ಸಂಕಟದಲ್ಲಿರುವ ಕಲಾವಿದನನ್ನು ಅವನ ಕಲೆಯ ಹೆಸರಿನಲ್ಲಿ ಸಂಕಟದಲ್ಲಿಯೇ ಬಿಡುವುದು ರಸಿಕತೆಯೂ ಅಲ್ಲ, ಮನುಷ್ಯತ್ವವೂ ಅಲ್ಲ.