ನಾಸಿಕ್‌ನಿಂದ ಸಂಭಾಜಿನಗರಕ್ಕೆ ಒಂದು ಕಮಾಂಡ್

2023ರಲ್ಲಿ ಔರಂಗಾಬಾದ್ ಅಧಿಕೃತವಾಗಿ ಛತ್ರಪತಿ ಸಂಭಾಜಿನಗರವಾಯಿತು. ಒಂದೇ ಪದದ ಹೆಸರು ಎರಡು ಪದವಾಯಿತು. ಟರ್ಮಿನಲ್‌ನಲ್ಲಿ ಕಮಾಂಡ್ ಟೈಪ್ ಮಾಡುವವರಿಗೆ ನಡುವಿನ ಆ ಖಾಲಿ ಜಾಗ ಸಣ್ಣ ಸಂಗತಿಯಲ್ಲ. ಲಿನಕ್ಸ್‌ನಲ್ಲಿ ನಾಸಿಕ್ ಎಂಬ ಫೈಲನ್ನು ಛತ್ರಪತಿ ಸಂಭಾಜಿನಗರ ಎಂಬ ಫೋಲ್ಡರಿಗೆ ನಕಲು ಮಾಡಲು ‘ಸಿಪಿ’ ಎಂದು ಬರೆದು, ಮುಂದೆ ಈ ಹೆಸರುಗಳನ್ನು ಹಾಗೆಯೇ ಕೊಟ್ಟರೆ ಕಮಾಂಡನ್ನು ಓದುವ ಶೆಲ್ ಅವನ್ನು ಮೂರು ಆರ್ಗ್ಯುಮೆಂಟ್‌ಗಳಾಗಿ ಒಡೆಯುತ್ತದೆ. ಕೊನೆಯಲ್ಲಿ ಬಂದದ್ದೇ ಗುರಿ ಎಂಬುದು ಸಿಪಿಯ ನಿಯಮ. ಅದು ‘ಸಂಭಾಜಿನಗರ’ವನ್ನಷ್ಟೇ ಹುಡುಕಿ, ಅಂಥ ಫೋಲ್ಡರ್ ಇಲ್ಲ ಎನ್ನುತ್ತದೆ. ಹೇಳಿದ್ದು ಸುಳ್ಳಲ್ಲ. ಆದರೆ ಹೆಸರಿಗೆ ಉದ್ಧರಣ ಚಿಹ್ನೆ ಹಾಕದೆ ಬಿಟ್ಟದ್ದೇ ತಪ್ಪು ಎಂಬುದು ಹೊಸಬರಿಗೆ ಅದರಿಂದ ತಿಳಿಯುವುದಿಲ್ಲ.

ಈ ನಿಯಮಗಳನ್ನು ಯಾರೂ ಒಮ್ಮೆಗೇ ಕೂತು ಬರೆದದ್ದಲ್ಲ.

1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಕಟ್ಟತೊಡಗಿದರು. ಆರಂಭದಲ್ಲಿ ಪ್ರೋಗ್ರಾಮಿನ ಫಲಿತಾಂಶವೂ ದೋಷದ ಸಂದೇಶವೂ ಒಂದೇ ದಾರಿಯಲ್ಲಿ ಹೊರಬರುತ್ತಿದ್ದವು. 1973ರ ವೇಳೆಗೆ ಪೈಪ್ ಬಂದು, ಒಂದು ಪ್ರೋಗ್ರಾಮಿನ ಔಟ್‌ಪುಟ್ ನೇರವಾಗಿ ಇನ್ನೊಂದಕ್ಕೆ ಇನ್‌ಪುಟ್ ಆಯಿತು. ಆಗ ಮನುಷ್ಯರಿಗೆಂದು ಬರೆದ ಎಚ್ಚರಿಕೆಯನ್ನೂ ಮುಂದಿನ ಪ್ರೋಗ್ರಾಮ್ ದತ್ತಾಂಶವೆಂದೇ ನುಂಗತೊಡಗಿತು. 1975ರ ಆರನೇ ಆವೃತ್ತಿಯವರೆಗೂ ಜನ ಇದನ್ನು ಸಹಿಸಿಕೊಂಡರು. ಅದಾದ ಸ್ವಲ್ಪ ದಿನಕ್ಕೆ ರಿಚಿ ದೋಷಗಳಿಗೆಂದೇ ‘ಸ್ಟ್ಯಾಂಡರ್ಡ್ ಎರರ್’ ಎಂಬ ಪ್ರತ್ಯೇಕ ದಾರಿ ಮಾಡಿಕೊಟ್ಟರು. ಕಮಾಂಡ್ ಲೈನಿನ ಚರಿತ್ರೆಯಲ್ಲಿ ಇಷ್ಟು ಚಿಕ್ಕದಾಗಿದ್ದೂ ಇಷ್ಟು ಉಪಕಾರ ಮಾಡಿದ ತಿದ್ದುಪಡಿ ಅಪರೂಪ.

ಆರ್ಗ್ಯುಮೆಂಟ್‌ಗಳ ಕ್ರಮದ ಜಗಳ ಮಾತ್ರ ಇನ್ನೂ ಪೂರ್ತಿ ತೀರಿಲ್ಲ. ಮೊದಮೊದಲು ಪ್ರತಿ ಪ್ರೋಗ್ರಾಮೂ ತನ್ನ ನಡೆ ಬದಲಿಸುವ, ಸಾಮಾನ್ಯವಾಗಿ ಅಡ್ಡಗೆರೆಯಿಂದ (ಹೈಫನ್) ಶುರುವಾಗುವ ಆಪ್ಷನ್‌ಗಳನ್ನು ತನಗೆ ತೋಚಿದಂತೆ ಓದುತ್ತಿತ್ತು. ಅಡ್ಡಗೆರೆಯಿಲ್ಲದ ಆಪ್ಷನ್‌ಗಳನ್ನು ಇಂದಿಗೂ ಒಪ್ಪುವ, ಫೈಲ್‌ಗಳನ್ನು ಒಟ್ಟುಗೂಡಿಸುವ ‘ಟಾರ್’ ಆ ಕಾಲದ ಪಳೆಯುಳಿಕೆ. 1980ರ ಸುಮಾರಿಗೆ ರೂಪುಗೊಂಡ ‘ಗೆಟ್‌ಆಪ್ಟ್’ ಎಂಬ ಸಾಮಾನ್ಯ ಕೋಡನ್ನು ಎಟಿ ಆ್ಯಂಡ್ ಟಿ 1985ರಲ್ಲಿ ಡಲ್ಲಾಸ್‌ನ ಯೂನಿಫೋರಮ್ ಸಮ್ಮೇಳನದಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಆಪ್ಷನ್‌ಗಳು ಮೊದಲು, ಫೈಲ್ ಹೆಸರುಗಳು ಆಮೇಲೆ ಎಂಬುದು ಅದರ ಕ್ರಮ. ಪೋಸಿಕ್ಸ್ ಮಾನದಂಡದ್ದೂ ಅದೇ. ಲಿನಕ್ಸ್‌ನಲ್ಲಿ ಬಳಸುವ ಸಿಪಿಯಂಥ ಕಮಾಂಡ್‌ಗಳನ್ನು ಬರೆದ ಗ್ನೂ ಬಳಗ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಆಪ್ಷನ್ ಕೊನೆಯಲ್ಲಿ ಬಂದರೂ ಅದರ ಕೋಡ್ ಹೆಕ್ಕಿ ಮುಂದಕ್ಕೆ ತಂದುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ರೂಢಿಯಾದ ಕೈ ಮ್ಯಾಕ್‌ನಲ್ಲಿ ಸಿಪಿಯ ಕೊನೆಗೆ ‘ಹೈಫನ್ ವಿ’ ಎಂಬ ಆಪ್ಷನ್ ಸೇರಿಸಿದರೆ, ಅದು ಗುರಿಯ ಹೆಸರೆಂದೇ ಅರ್ಥವಾಗುತ್ತದೆ.

ಖಾಲಿ ಜಾಗದ ತೊಂದರೆಗೆ ಒಂದು ಪರಿಹಾರ 2016ರಲ್ಲಿ ಬಂತು. ಆ ವರ್ಷದಿಂದ ಫೈಲ್‌ಗಳ ಪಟ್ಟಿ ತೋರಿಸುವ ಗ್ನೂ ‘ಎಲ್‌ಎಸ್’ ಇಂಥ ಹೆಸರುಗಳನ್ನು ಉದ್ಧರಣ ಚಿಹ್ನೆಯೊಳಗಿಟ್ಟೇ ಪರದೆಗೆ ತರುತ್ತದೆ. ಎತ್ತಿ ನೇರವಾಗಿ ಕಮಾಂಡಿಗೆ ಅಂಟಿಸಬಹುದು. ಹಳಬರು ಹಲವರು ಸಿಟ್ಟಾದರು. ಬದಲಾವಣೆ ಉಳಿಯಿತು, ಬೇಡವೆನ್ನುವವರಿಗೆ ಅದನ್ನು ನಿಲ್ಲಿಸುವ ಆಪ್ಷನ್ ಇದೆ.